ನೀವು ಹಾಕಿದ ಬೀಗಗಳಿಗೆ ಕೃತಜ್ಞತೆಗಳು

ಇವರಿಗೆ,
ಮಾರಾಟ ವಿಭಾಗದ ಮುಖ್ಯಸ್ಥರು,
ಕಂಪ್ಯೂಟರ್ ಪ್ರೊಸೆಸರ್ ತಯಾರಿಸುವ ಎಲ್ಲ ಕಂಪನಿಗಳು.

ವಿಷಯ: ತಾವು ನಮೂದಿಸಿದ ವೇಗವನ್ನು ಮೀರಿ ಹಳೆಯ ಪ್ರೊಸೆಸರ್ ಓಡಿಸುವ ಹವ್ಯಾಸಕ್ಕೆ ತಾವು ನೀಡುತ್ತ ಬಂದ ಪ್ರೋತ್ಸಾಹಕ್ಕಾಗಿ ಕೃತಜ್ಞತೆ ಸಲ್ಲಿಸುವ ಬಗ್ಗೆ.

ಉಲ್ಲೇಖ: ವಾರಂಟಿ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ತಮ್ಮ ಹಳೆಯ ಗಿರಾಕಿ. ಆದರೆ ತಮ್ಮ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರು ಸಿಗುವುದಿಲ್ಲ. ಯಾಕೆಂದರೆ ನಾನು ಕೊಳ್ಳುವುದೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಮಾಲು. ನೀವು ಒಂದು ಪ್ರೊಸೆಸರನ್ನು ಮಾರಿ, ಮರೆತು, ಅದರ ಮೊಮ್ಮಗನನ್ನೂ ಮಾರುಕಟ್ಟೆಗೆ ಬಿಟ್ಟ ಮೇಲೆ ನನ್ನ ಸರದಿ ಬರುತ್ತದೆ. ಸದ್ಯ ನನ್ನ ಮೇಜಿನ ಕೆಳಗೆ ಓಡುತ್ತಿರುವುದು 2007ರ ಜನವರಿಯಲ್ಲಿ ಬಿಡುಗಡೆಯಾದ ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600. ಅದರ ನೆತ್ತಿಯ ಮೇಲೆ 2.40 ಗಿಗಾಹರ್ಟ್ಸ್ ಎಂದು ಬರೆಸಿದ್ದೀರಿ. ಅದು ಓಡುತ್ತಿರುವುದು 3.0ರಲ್ಲಿ. ಇದರಿಂದ ನನಗೆ ಲಾಭವೇನೂ ಇಲ್ಲ. ಜೇಬಿನಲ್ಲಿರುವ ಫೋನೇ ಅದಕ್ಕಿಂತ ಚುರುಕು. ಸಂತೋಷಕ್ಕೆ ಮಾತ್ರ ಕೊರತೆಯಿಲ್ಲ. ಆ ಸಂತೋಷಕ್ಕೆ ಮೂಲಕಾರಣರಾದ ತಮಗೆ ಇದುವರೆಗೂ ಯಾರೂ ಬಹಿರಂಗವಾಗಿ ವಂದಿಸಿದಂತಿಲ್ಲ. ಅದಕ್ಕೇ ಈ ಪತ್ರ.

ಈ ಪತ್ರವನ್ನು ಈ ಹವ್ಯಾಸಕ್ಕಿರುವ ಓವರ್‌ಕ್ಲಾಕಿಂಗ್ ಎಂಬ ಹೆಸರನ್ನೇ ಕೇಳದವರೂ ಓದಬಹುದು. ಅವರಿಗಾಗಿ ಒಂದು ಮಾತು. ಪ್ರೊಸೆಸರಿನ ವೇಗ ಅನ್ನುವುದು ಮೂರನೇ ಕ್ಲಾಸಿನ ಗುಣಾಕಾರ. ಮದರ್‌ಬೋರ್ಡಿನಲ್ಲಿ ಒಂದು ಗಡಿಯಾರ ಮಿಡಿಯುತ್ತಿರುತ್ತದೆ. ಕ್ಯೂ6600ಕ್ಕೆ ಅದು ಸೆಕೆಂಡಿಗೆ ಸುಮಾರು 266 ಮಿಲಿಯನ್ ಮಿಡಿತ. ಪ್ರೊಸೆಸರ್ ಅದನ್ನು ಒಳಗೆ 9ರಿಂದ ಗುಣಿಸಿಕೊಳ್ಳುತ್ತದೆ. 266ನ್ನು ಒಂಬತ್ತರಿಂದ ಗುಣಿಸಿದರೆ ಸುಮಾರು 2400 ಮೆಗಾಹರ್ಟ್ಸ್. ಈ ಒಂಬತ್ತು ಅನ್ನುವ ಮಲ್ಟಿಪ್ಲೈಯರಿಗೆ ನೀವು ಬೀಗ ಜಡಿದಿದ್ದೀರಿ, ಹತ್ತು ಮಾಡಲು ಬಿಡುವುದಿಲ್ಲ. ಆದರೆ 266 ಮದರ್‌ಬೋರ್ಡಿನ ಕೈಯಲ್ಲಿದೆ. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಕೀ ಒತ್ತಿ ಬಯೋಸ್ ಎಂಬ ಮೂಲ ತಂತ್ರಾಂಶದ ಒಳಗೆ ಹೋಗಿ, 266 ಇದ್ದಲ್ಲಿ 333 ಎಂದು ಬರೆದರೆ ಲೆಕ್ಕ ಸುಮಾರು 3000ಕ್ಕೆ ಬಂದು ನಿಲ್ಲುತ್ತದೆ. ಮೆಮೊರಿ ಇದೇ ಗಡಿಯಾರಕ್ಕೆ ಕಟ್ಟಿಕೊಂಡಿರುವುದರಿಂದ ಅದರ ಅನುಪಾತವನ್ನು ಇಳಿಸಬೇಕು. ಪ್ರೊಸೆಸರ್ ಹಟ ಹಿಡಿದರೆ ವೋಲ್ಟೇಜನ್ನು ಚೂರು ಏರಿಸಬೇಕು. ಅತಿಯಾಸೆಗೆ ಬಿದ್ದರೆ ಪರದೆ ಕಪ್ಪಾಗುತ್ತದೆ. ಆಗ ಬೋರ್ಡಿನ ಮೇಲಿರುವ ಬಟನ್ ಬ್ಯಾಟರಿ ಕಿತ್ತು, ಕೆಲ ನಿಮಿಷ ಬಿಟ್ಟು ಮತ್ತೆ ಹಾಕಿದರೆ ಅದು ನಡೆದದ್ದನ್ನೆಲ್ಲ ಮರೆತು 266ಕ್ಕೇ ವಾಪಸ್ಸಾಗುತ್ತದೆ. ಇಷ್ಟೇ ವಿದ್ಯೆ.

ಈ ವಿದ್ಯೆ ಫಲಿಸುವುದಕ್ಕೆ ಕಾರಣ ನಮ್ಮ ಜಾಣತನವಲ್ಲ, ನಿಮ್ಮ ಔದಾರ್ಯ. 2007ರ ಜನವರಿಯಲ್ಲಿ ಕ್ಯೂ6600ರ ಸಗಟು ಬೆಲೆ 851 ಡಾಲರ್ ಇತ್ತು. ಅದೇ ಜುಲೈನಲ್ಲಿ ಅದನ್ನು 266 ಡಾಲರಿಗೆ ಇಳಿಸಿದಿರಿ. ಚಿಪ್ ಅದೇ, ನಾಲ್ಕು ಕೋರ್‌ಗಳೂ ಅವೇ, ಕ್ಯಾಶೆ ಎಂಬ ಎಂಟು ಎಂಬಿಯ ಒಳಗಿನ ಚುರುಕು ಮೆಮೊರಿಯೂ ಅದೇ. ಅದೇ ಜುಲೈನಲ್ಲಿ ಕ್ಯೂಎಕ್ಸ್6850 ಎಂಬ ಇನ್ನೊಂದನ್ನು 999 ಡಾಲರಿಗೆ ಬಿಟ್ಟಿರಿ. ಅದರ ವೇಗ 3.0 ಗಿಗಾಹರ್ಟ್ಸ್. ಲೆಕ್ಕ ನೋಡಿದರೆ 333ನ್ನು ಒಂಬತ್ತರಿಂದ ಗುಣಿಸಿದ್ದು. ಅಂದರೆ 266 ಡಾಲರಿನವನು ಬಯೋಸಿನಲ್ಲಿ ಒಂದು ಸಂಖ್ಯೆ ತಿದ್ದಿದರೆ 999 ಡಾಲರಿನವನ ಪಕ್ಕದಲ್ಲಿ ಹೋಗಿ ಕೂರಬಹುದಿತ್ತು. ಇಷ್ಟು ಹತ್ತಿರ ಬೇಲಿ ಹಾಕಿ, ಬೇಲಿಯ ಬಾಗಿಲಿಗೆ ಚಿಲಕ ಮಾತ್ರ ಇಟ್ಟು, ಬಾಗಿಲ ಮೇಲೆ ಪ್ರವೇಶವಿಲ್ಲ ಎಂದು ಬರೆಸಿದ ನಿಮ್ಮ ಹಾಸ್ಯಪ್ರಜ್ಞೆಗೆ ಮೊದಲ ನಮಸ್ಕಾರ.

ಸಿಲಿಕಾನ್ ಬಿಲ್ಲೆಯಾದ ಒಂದೇ ವೇಫರ್‌ನಿಂದ ಕತ್ತರಿಸಿದ ಚಿಪ್‌ಗಳನ್ನು ಪರೀಕ್ಷೆಗೆ ಹಾಕಿ, ಯಾವುದು ಎಷ್ಟು ವೇಗಕ್ಕೆ, ಎಷ್ಟು ವೋಲ್ಟೇಜಿಗೆ ತಾಳುತ್ತದೆ ಎಂದು ನೋಡಿ ದರ್ಜೆ ಮಾಡುತ್ತೀರೆಂದು ನಮಗೂ ಗೊತ್ತು. ಅದು ನ್ಯಾಯವೇ. ಆದರೆ ತಯಾರಿಕೆ ಪಳಗಿದ ಮೇಲೆ ಹೆಚ್ಚಿನ ಚಿಪ್‌ಗಳು ಮೇಲಿನ ದರ್ಜೆಗೇ ಪಾಸಾಗತೊಡಗುತ್ತವೆ. ಪೇಟೆಯಲ್ಲಿ ಜನ ಕೇಳುವುದು ಮಾತ್ರ ಅಗ್ಗದ್ದನ್ನು. ಆಗ ಮಂಡಿ ವ್ಯಾಪಾರಿ ಗಿರಾಕಿಯ ಆರ್ಡರ್ ತುಂಬಿಸಲು ಮೊದಲ ದರ್ಜೆಯ ಅಡಿಕೆಯನ್ನೇ ಮೂರನೇ ದರ್ಜೆಯ ಚೀಲಕ್ಕೆ ಸುರಿದ ಹಾಗೆ, ನೀವೂ ಒಳ್ಳೆಯ ಚಿಪ್‌ನ ನೆತ್ತಿಯ ಮೇಲೆ ಸಣ್ಣ ಅಂಕಿ ಬರೆಸಿ ಕಳಿಸುತ್ತೀರಿ. ಅಡಿಕೆ ಕೊಂಡವನು ಚೀಲ ಬಿಚ್ಚಿ, ಒಳ್ಳೆಯ ಮಾಲು ಬಂದಿದೆ ಎಂದು ಖುಷಿಪಟ್ಟರೆ ಯಾವ ವ್ಯಾಪಾರಿಯೂ ಅವನ ವಾರಂಟಿ ರದ್ದು ಮಾಡುವುದಿಲ್ಲ. ಆ ಹಿರಿಮೆ ನಿಮ್ಮದು.

ಇನ್ನು ಬೀಗಗಳ ವಿಚಾರ. ಈ ಪತ್ರದ ಮುಖ್ಯ ಕೃತಜ್ಞತೆ ಅವಕ್ಕೇ ಸಲ್ಲಬೇಕು. ಬೀಗವೇ ಇಲ್ಲದಿದ್ದರೆ ಹವ್ಯಾಸ ಎಲ್ಲಿಂದ ಹುಟ್ಟಬೇಕು? ಪರಂಪರೆ ಶುರುವಾದದ್ದು 1984ರ ಐಬಿಎಂ ಪಿಸಿ ಎಟಿಯಿಂದ ಅನ್ನಬಹುದು. ಅದರ 80286 ಪ್ರೊಸೆಸರ್ 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಗಡಿಯಾರ ಅಂದರೆ ಬೋರ್ಡಿನ ಮೇಲಿದ್ದ 12 ಮೆಗಾಹರ್ಟ್ಸ್‌ನ ಒಂದು ಸ್ಫಟಿಕ, ಅದರ ಅರ್ಧ ಪ್ರೊಸೆಸರಿಗೆ. ಜನ ಅದನ್ನು ಕಿತ್ತು 16ರ ಸ್ಫಟಿಕ ಕೂರಿಸಿದರು. ವೇಗ 8ಕ್ಕೇರಿತು, ಖರ್ಚು ಚಿಲ್ಲರೆ ಕಾಸು. ಐಬಿಎಂನವರು ಸುಮ್ಮನಿರಲಿಲ್ಲ. ಮುಂದಿನ ಬಯೋಸಿನಲ್ಲಿ ವೇಗ ತಪಾಸಣೆ ಸೇರಿಸಿದರು. ಯಂತ್ರ ತಾನು ನಿಗದಿಗಿಂತ ಬೇಗ ಓಡುತ್ತಿದ್ದೇನೆಂದು ಕಂಡುಕೊಂಡರೆ ಶುರುವಾಗಲು ನಿರಾಕರಿಸುತ್ತಿತ್ತು. ನಿಧಾನವಾಗಿದ್ದರೆ ಕ್ಷಮೆಯಿದೆ, ಬೇಗ ಓಡಿದರೆ ಇಲ್ಲ ಎಂಬ ನಿಯಮ ಸರ್ಕಾರಿ ಕಚೇರಿಗಳಾಚೆ ಜಾರಿಗೆ ಬಂದದ್ದು ಬಹುಶಃ ಅಲ್ಲೇ.

ಮಲ್ಟಿಪ್ಲೈಯರಿಗೆ ಬೀಗ ಹಾಕಿದ್ದಕ್ಕೆ ನೀವು ಕೊಟ್ಟ ಕಾರಣದಲ್ಲಿ ಹುರುಳಿತ್ತು, ಅದನ್ನು ಒಪ್ಪಬೇಕು. 1990ರ ದಶಕದಲ್ಲಿ ಕಡಿಮೆ ವೇಗದ ಪೆಂಟಿಯಮ್‌ಗಳ ಮೇಲಿನ ಬರಹವನ್ನು ಉಜ್ಜಿ, ಹೆಚ್ಚಿನ ಅಂಕಿ ಬರೆದು ಮಾರುವ ದಂಧೆ ನಡೆದಿತ್ತು. ಕೊಂಡವನಿಗೆ ತಾನು ಮೋಸಹೋದದ್ದೇ ತಿಳಿಯುತ್ತಿರಲಿಲ್ಲ. ಬೇರೆಯವರು ನಿಮ್ಮ ಅಂಕಿ ಉಜ್ಜಿ ದೊಡ್ಡದು ಬರೆದರೆ ಅದು ವಂಚನೆ, ನೀವೇ ದೊಡ್ಡದು ಉಜ್ಜಿ ಸಣ್ಣದು ಬರೆದರೆ ಅದು ಮಾರುಕಟ್ಟೆ ತಂತ್ರ. ಈ ವ್ಯತ್ಯಾಸ ಅರ್ಥವಾಗಲು ನನಗೆ ತುಸು ಕಾಲ ಹಿಡಿಯಿತು.

ಬೀಗ ಜಡಿದ ನಂತರದ ಮೊದಲ ದೊಡ್ಡ ಜಾತ್ರೆ 1998ರ ಆಗಸ್ಟ್ 24ರದು. ಅಂದು ಇಂಟೆಲ್‌ನವರು ಪೆಂಟಿಯಮ್ 2ರ 450 ಮೆಗಾಹರ್ಟ್ಸ್ ಆವೃತ್ತಿಯನ್ನು 669 ಡಾಲರಿಗೂ, ಸೆಲೆರಾನ್ 300ಎ ಎಂಬ ಬಡವರ ಪ್ರೊಸೆಸರನ್ನು 149 ಡಾಲರಿಗೂ ಒಟ್ಟಿಗೇ ಬಿಟ್ಟರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನ್‌ಗೆ ಎರಡನೇ ಹಂತದ ಕ್ಯಾಶೆಯೇ ಇರಲಿಲ್ಲ, ಜನ ಆಡಿಕೊಂಡರು. ಆ ಅಪಖ್ಯಾತಿ ತೊಳೆಯಲು 300ಎ ಒಳಗೆ 128 ಕೆಬಿ ಕ್ಯಾಶೆಯನ್ನು ಚಿಪ್‌ನಲ್ಲೇ ಕೂರಿಸಿದರು, ಅದೂ ಪ್ರೊಸೆಸರಿನ ಪೂರ್ಣ ವೇಗದಲ್ಲಿ. ಪೆಂಟಿಯಮ್ 2ರ 512 ಕೆಬಿ ಕ್ಯಾಶೆ ಚಿಪ್‌ನ ಹೊರಗೆ ಅರ್ಧ ವೇಗದಲ್ಲಿ ಕುಂಟುತ್ತಿತ್ತು. ಸೆಲೆರಾನ್‌ನ ಮಲ್ಟಿಪ್ಲೈಯರ್ 4.5ಕ್ಕೆ ಭದ್ರವಾಗಿ ಬೀಗ ಬಿದ್ದಿತ್ತು. ಬಸ್ ವೇಗ, ಅಂದರೆ ಬೋರ್ಡಿನ ಗಡಿಯಾರ, 66. ಆದರೆ ಅದು ಕೂರುವ ಬೋರ್ಡುಗಳು ಆಗಲೇ 100ರ ಬಸ್ಸಿಗೆ ತಯಾರಾಗಿದ್ದವು. 4.5ನ್ನು 100ರಿಂದ ಗುಣಿಸಿದರೆ ಎಷ್ಟೆಂದು ಓದುಗರೇ ಹೇಳಲಿ.

ಬೋರ್ಡಿನ ಬಯೋಸ್ ಬಸ್ ವೇಗ ಬದಲಿಸಲು ಬಿಡದಿದ್ದರೆ ಇನ್ನೊಂದು ದಾರಿಯಿತ್ತು. ಆ ಸೆಲೆರಾನ್ ಉದ್ದನೆಯ ಕಾರ್ಡಿನ ಮೇಲೆ ಬರುತ್ತಿತ್ತು, ಕಾರ್ಡಿನ ಅಂಚಿನಲ್ಲಿ ಚಿನ್ನದ ಬಣ್ಣದ ಸಂಪರ್ಕಗಳ ಸಾಲು. ಅದರಲ್ಲಿ ಬಿ21 ಎಂಬ ಒಂದು ಪಟ್ಟಿ ಬೋರ್ಡಿಗೆ ‘ನಾನು 66ರವನು’ ಎಂದು ಹೇಳುತ್ತಿತ್ತು. ಜನ ಸೆಲ್ಲೋಟೇಪಿನ ಎಳೆಯಷ್ಟು ತುಂಡನ್ನು ಕತ್ತರಿಸಿ, ಅಕ್ಕಪಕ್ಕದ ಪಟ್ಟಿಗೆ ತಾಗದಂತೆ ಅದರ ಮೇಲೆ ಅಂಟಿಸಿದರು. ಕೆಲವರು ಉಗುರಿನ ಬಣ್ಣ ಬಳಿದರು. ಪಟ್ಟಿಯ ಬಾಯಿ ಮುಚ್ಚಿತು. ಬೋರ್ಡು ಬಂದವನು 100ರವನೆಂದು ತಿಳಿದು ಆದರದಿಂದ ಬರಮಾಡಿಕೊಂಡಿತು. 520 ಡಾಲರಿನ ಅಂತರವನ್ನು ಒಂದು ಚೂರು ಟೇಪು ತುಂಬಿಕೊಟ್ಟಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಾಲ್ಕು ವರ್ಷ ಕಲಿಸಲಾಗದ ಅರ್ಥಶಾಸ್ತ್ರವನ್ನು ಆ ಟೇಪು ಒಂದು ಸಂಜೆಯಲ್ಲಿ ಕಲಿಸಿತು: ನೆತ್ತಿಯ ಮೇಲಿನ ಅಂಕಿ ಹೇಳುವುದು ಚಿಪ್‌ನ ತಾಕತ್ತನ್ನಲ್ಲ, ನೀವು ಅದಕ್ಕೆ ಕಟ್ಟಿದ ಬೆಲೆಯನ್ನು.

ಇಂಟೆಲ್ ಪ್ರತಿಸ್ಪರ್ಧಿ ಎಎಂಡಿಯವರೂ ಹಿಂದೆ ಬೀಳಲಿಲ್ಲ. 2000ದಲ್ಲಿ ಬಂದ ಅವರ ಡ್ಯುರಾನ್ ಮತ್ತು ಥಂಡರ್‌ಬರ್ಡ್ ಅಥ್ಲಾನ್‌ಗಳಲ್ಲಿ ಬೀಗ ಪ್ರೊಸೆಸರಿನ ಮೈಮೇಲೇ ಕಾಣುತ್ತಿತ್ತು. ಎಲ್1 ಎಂಬ ಗುರುತಿನ ಪಕ್ಕ ಸಣ್ಣ ಸಣ್ಣ ಚುಕ್ಕೆಗಳು, ಅವುಗಳ ನಡುವಿನ ಸೇತುವೆಗಳನ್ನು ಕಡಿದಿರುತ್ತಿದ್ದರು. ಪೆನ್ಸಿಲ್ಲಿನ ಸೀಸ ಗ್ರಾಫೈಟ್, ಅದು ವಿದ್ಯುತ್ ಹರಿಸುತ್ತದೆ. ಶಾಲೆಯ ಮಕ್ಕಳ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆ ಸೇರಿಸಿ ಗೆರೆ ಎಳೆದರೆ ಬೀಗ ತೆರೆಯಿತು. ಮುಂದಿನ ವರ್ಷದ ಅಥ್ಲಾನ್ ಎಕ್ಸ್‌ಪಿಯಲ್ಲಿ ಸೇತುವೆ ಇದ್ದ ಜಾಗದಲ್ಲಿ ಲೇಸರ್‌ನಿಂದ ಗುಂಡಿ ತೋಡಿಟ್ಟರು, ಪೆನ್ಸಿಲ್ ತಲುಪಬಾರದೆಂದು. ಜನ ಗುಂಡಿಗೆ ಅಂಟು ತುಂಬಿ, ಒಣಗಿದ ಮೇಲೆ ಬೆಳ್ಳಿ ಬೆರೆತ ಬಣ್ಣದಲ್ಲಿ ಗೆರೆ ಎಳೆದರು. ನೀವು ಚಾಪೆಯ ಕೆಳಗೆ ತೂರಿದರೆ ನಮ್ಮವರು ರಂಗೋಲಿಯ ಕೆಳಗೆ ತೂರಿದರು. ಆಗಿನ ಆ ಕಣ್ಣಾಮುಚ್ಚಾಲೆಯಲ್ಲಿ ಇಬ್ಬರಿಗೂ ಒಂದು ಮರ್ಯಾದೆಯಿತ್ತು.

ಹಾಗೆಂದು ಈ ಹವ್ಯಾಸ ಬರೀ ಜನರದ್ದೇ ಎಂದು ಹೇಳಿ ನಿಮ್ಮ ಪಾಲನ್ನು ಮರೆಮಾಚುವುದು ತಪ್ಪು. ನೀವೂ ನಮ್ಮ ಸಂಘದ ಸದಸ್ಯರೇ. 2000ದಲ್ಲಿ ಒಂದು ಗಿಗಾಹರ್ಟ್ಸ್ ದಾಟುವ ಪೈಪೋಟಿಯಲ್ಲಿ ಇಂಟೆಲ್‌ನವರು 1.13 ಗಿಗಾಹರ್ಟ್ಸ್‌ನ ಪೆಂಟಿಯಮ್ 3 ಬಿಟ್ಟರು. ವಿಮರ್ಶಕರು ಅದರ ಮೇಲೆ ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡಲು ಹೋದರೆ ಮುಗ್ಗರಿಸಿತು. ಆಗಸ್ಟ್ ಮುಗಿಯುವುದರೊಳಗೆ ಅಷ್ಟನ್ನೂ ವಾಪಸ್ ತೆಗೆದುಕೊಳ್ಳಬೇಕಾಯಿತು. ತಾಳದ ಚಿಪ್‌ನ ನೆತ್ತಿಗೆ ದೊಡ್ಡ ಅಂಕಿ ಬರೆದದ್ದು ಈ ಸಲ ಯಾವ ಗಲ್ಲಿಯ ವ್ಯಾಪಾರಿಯೂ ಅಲ್ಲ. ಪೆಂಟಿಯಮ್ 4ನ್ನು 4 ಗಿಗಾಹರ್ಟ್ಸ್‌ಗೆ ಒಯ್ಯುತ್ತೇವೆಂದು ಹೇಳಿದವರು 3.8ಕ್ಕೇ ನಿಂತರು. ಶಾಖ ಮುಂದೆ ಬಿಡಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆಯಲ್ಲಿ ತಮಾಷೆಗೆಂಬಂತೆ ಮಂಡಿಯೂರಿ ಕ್ಷಮೆ ಕೇಳಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಭೌತಶಾಸ್ತ್ರ ಯಾರಿಗೂ ರಿಯಾಯಿತಿಯಿಲ್ಲದೆ ಹೇಳುತ್ತದೆ. 2011ರಲ್ಲಿ ಎಎಂಡಿಯವರು ತಮ್ಮದೇ ತಂಡ ಕಟ್ಟಿ, ದ್ರವ ಹೀಲಿಯಂ ಸುರಿದು, ಎಫ್ಎಕ್ಸ್-8150 ಪ್ರೊಸೆಸರನ್ನು 8.429 ಗಿಗಾಹರ್ಟ್ಸ್‌ಗೆ ಏರಿಸಿ ಗಿನ್ನೆಸ್ ಪುಸ್ತಕಕ್ಕೆ ಸೇರಿಸಿದರು. ನಾವು ಮಾಡಿದರೆ ವಾರಂಟಿ ರದ್ದು, ನೀವು ಮಾಡಿದರೆ ವಿಶ್ವದಾಖಲೆ!

2024ರ ಪ್ರಕರಣವನ್ನಂತೂ ಹೇಳದೆ ಬಿಡಲಾರೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದುಬಾರಿ ಪ್ರೊಸೆಸರುಗಳು ಊರೂರಲ್ಲಿ ಅಸ್ಥಿರವಾಗತೊಡಗಿದವು. ಕೊನೆಗೆ ಕಂಪನಿಯೇ ಕಾರಣ ಹೇಳಿತು. ಪ್ರೊಸೆಸರ್ ತನಗೆ ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುತ್ತಿತ್ತು. ಪ್ರೊಸೆಸರಿನೊಳಗಿನ ಮೈಕ್ರೋಕೋಡ್ ಎಂಬ ತಂತ್ರಾಂಶವನ್ನು ತಿದ್ದಬೇಕಾಯಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. ಅತಿ ವೋಲ್ಟೇಜಿನಿಂದ ಚಿಪ್ ಸವೆಯುತ್ತದೆ ಎಂದು ಅಷ್ಟು ವರ್ಷ ನಮಗೆ ಬುದ್ಧಿ ಹೇಳಿದವರು ನೀವೇ ಅಲ್ಲವೇ?

ಈಗ ಹವ್ಯಾಸದ ದೋಷಗಳನ್ನೂ ಹೇಳಬೇಕು. ಇಲ್ಲದಿದ್ದರೆ ಇದು ಅಭಿನಂದನಾ ಗ್ರಂಥವಾಗುತ್ತದೆ. ಪ್ರೊಸೆಸರ್ ಎಳೆಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ 2.4ರಿಂದ 3.0ಕ್ಕೆ ಹೋದರೆ ಕಾಲು ಭಾಗ ಹೆಚ್ಚು. ಅದಕ್ಕಾಗಿ ವೋಲ್ಟೇಜನ್ನು 1.25ರಿಂದ 1.35ಕ್ಕೆ ಒಯ್ದರೆ ಎರಡೂ ಸೇರಿ ವಿದ್ಯುತ್ತು ಶೇ 46ರಷ್ಟು ಹೆಚ್ಚು. ಶೇ 25ರ ವೇಗಕ್ಕೆ ಶೇ 46ರ ದಂಡ. ಆ ಶಾಖ ಹೊರಹಾಕಲು ಕಂಪನಿ ಕೊಟ್ಟ ಫ್ಯಾನು ಸಾಲದು; ತಾಮ್ರದ ಕೊಳವೆಗಳ ದೊಡ್ಡ ಕೂಲರ್ ತರಬೇಕು. ಹಳೆಯ ಕ್ಯೂ6600 ಈಗ ಕೆಲವೇ ನೂರು ರೂಪಾಯಿಯ ಮಾಲು, ಕೂಲರಿನ ಬೆಲೆ ಸಾವಿರ ದಾಟುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲೂ ಸಿಗಲಿಕ್ಕಿಲ್ಲ. ಇಷ್ಟೆಲ್ಲ ಮಾಡಿ ಗುಡ್ಡ ಅಗೆದು ಹಿಡಿದ ಇಲಿ ಎಂಥದೆಂದರೆ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅಗ್ಗದ ಎಸ್ಎಸ್‌ಡಿ ಒಂದನ್ನು ಹಾಕಿದ್ದರೆ ಕಂಪ್ಯೂಟರು ಇದರ ಹಲವು ಪಟ್ಟು ಚುರುಕಾಗುತ್ತಿತ್ತು.

ಸ್ಥಿರತೆಯ ಪರೀಕ್ಷೆ ಇನ್ನೊಂದು ವ್ರತ. ಅದಕ್ಕೆ ಪ್ರೈಮ್95 ಎಂಬ ತಂತ್ರಾಂಶವಿದೆ. ಜಾರ್ಜ್ ವೋಲ್ಟ್‌ಮನ್ ಎಂಬ ಅಮೆರಿಕನ್ ಅದನ್ನು ಬರೆದದ್ದು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು. 1996ರಿಂದ ಲೋಕದ ಗಣಿತಪ್ರಿಯರು ತಮ್ಮ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಅದಕ್ಕೆ ದಾನ ಕೊಡುತ್ತಿದ್ದಾರೆ. ನಮ್ಮವರು ಅದನ್ನು ಬಳಸುವುದು ಪ್ರೊಸೆಸರನ್ನು ಗೋಳುಹೊಯ್ದುಕೊಳ್ಳಲು. ನಾಲ್ಕೂ ಕೋರ್‌ಗಳನ್ನು ಲೆಕ್ಕಕ್ಕೆ ಹಚ್ಚಿ ರಾತ್ರಿಯಿಡೀ ಬಿಡಬೇಕು. ಆ ಸದ್ದಿಗೆ ಅಮ್ಮ ಎದ್ದು ಬರುತ್ತಾರೆ.

“ಏನೋ ಅದು, ಇಷ್ಟು ಹೊತ್ತಿನಲ್ಲಿ ಗುಂಯ್‌ಗುಡ್ತಿದೆ?”

“ಲೆಕ್ಕ ಮಾಡ್ತಿದೆ ಅಮ್ಮ.”

“ಯಾರದ್ದು?”

“ಯಾರದ್ದೂ ಅಲ್ಲ. ದೊಡ್ಡ ದೊಡ್ಡ ಸಂಖ್ಯೆಗಳದ್ದು.”

“ಉತ್ತರ ಬಂದ ಮೇಲೆ ಏನು ಮಾಡ್ತೀಯ?”

“ಉತ್ತರ ಬೇಡ. ಬಿಸಿಯಾದರೆ ಸಾಕು.”

ಇದಾದ ಮೇಲೆ ಅವರು ಕೇಳುವುದಿಲ್ಲ, ಹೋಗಿ ಮಲಗುತ್ತಾರೆ. ಬೆಳಿಗ್ಗೆ ನೋಡಿದರೆ ಮೂರು ಕಿಟಕಿಗಳು ಹಸಿರಾಗಿ ಓಡುತ್ತಿರುತ್ತವೆ, ನಾಲ್ಕನೆಯದು ನಡುರಾತ್ರಿಯಲ್ಲೇ ಕೆಂಪಾಗಿ ನಿಂತಿರುತ್ತದೆ. ಅದರಲ್ಲಿ ಒಂದು ಸಾಲಿನ ವರದಿ: ಪೂರ್ಣಾಂಕಕ್ಕೆ ಹೊಂದಿಸಿದಾಗಿನ ವ್ಯತ್ಯಾಸ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು. ಕೋಟಿಗಟ್ಟಲೆ ಗುಣಾಕಾರಗಳಲ್ಲಿ ಒಂದು ತಪ್ಪಿದೆ. ಪ್ರೊಸೆಸರ್ ಸುಟ್ಟಿಲ್ಲ, ವಿಂಡೋಸ್ ನಿಂತಿಲ್ಲ, ಹಾಡು ಹಾಕಿದರೆ ಹಾಡುತ್ತದೆ. ಈ ಲೆಕ್ಕಕ್ಕೆ ತಾಳೆ ನೋಡುವ ವ್ಯವಸ್ಥೆ ಇತ್ತು, ಆದ್ದರಿಂದ ತಪ್ಪು ಸಿಕ್ಕಿಬಿತ್ತು. ತಾಳೆ ನೋಡುವವರಿಲ್ಲದ ಕಡೆ ಅದೇ ತಪ್ಪು ಮಗಳ ಫೋಟೋದ ಫೈಲಿನಲ್ಲೋ, ತೆರಿಗೆಯ ಲೆಕ್ಕದಲ್ಲೋ ಹೋಗಿ ಕೂರುತ್ತದೆ, ಬೇಕೆಂದಾಗ ಹೊರಗೆ ಬರುತ್ತದೆ.

ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2005ರಲ್ಲಿ ಇದರ ಬಗ್ಗೆ ಬರೆದಿದ್ದರು. ವಿಂಡೋಸ್ ಕುಸಿದಾಗ ಬರುವ ವರದಿಗಳಲ್ಲಿ ಕೆಲವು ಅಸಾಧ್ಯವಾಗಿದ್ದವು. ಪ್ರೊಸೆಸರಿನೊಳಗೆ ಅಂಕಿ ಇಡುವ ಒಂದು ರಿಜಿಸ್ಟರನ್ನು ಸೊನ್ನೆ ಮಾಡು ಎಂಬ ಸೂಚನೆಯಲ್ಲಿ ಕುಸಿತ. ಅಲ್ಲಿ ಸೋಲುವುದಕ್ಕೆ ಏನೂ ಇಲ್ಲ. ಕೊನೆಗೆ ತಿಳಿದದ್ದು, ಆ ಯಂತ್ರಗಳು ಓವರ್‌ಕ್ಲಾಕ್ ಆಗಿದ್ದವು. ಅದಕ್ಕಿಂತ ಬೇಸರದ ಸಂಗತಿ, ಅವುಗಳ ಎಷ್ಟೋ ಮಾಲೀಕರಿಗೆ ಅದು ಗೊತ್ತೇ ಇರಲಿಲ್ಲ. ಅಂಗಡಿಯವರು ಅಗ್ಗದ ಪ್ರೊಸೆಸರನ್ನು ಏರಿಸಿ, ದುಬಾರಿಯ ಹೆಸರು ಹೇಳಿ ಮಾರಿದ್ದರು. 2011ರಲ್ಲಿ ಅದೇ ಕಂಪನಿಯ ಸಂಶೋಧಕರು ಸುಮಾರು ಹತ್ತು ಲಕ್ಷ ಪಿಸಿಗಳ ಕುಸಿತದ ದಾಖಲೆ ನೋಡಿ, ಓವರ್‌ಕ್ಲಾಕ್ ಮಾಡಿದ ಯಂತ್ರಗಳು ಹೆಚ್ಚು ಮುಗ್ಗರಿಸುತ್ತವೆ ಎಂದು ಖಚಿತಪಡಿಸಿದರು. ನನ್ನ ಯಂತ್ರವನ್ನು ನಾನೇ ತಿಳಿದು ಏರಿಸಿದರೆ ಅದು ಹವ್ಯಾಸ. ತಿಳಿಸದೆ ಇನ್ನೊಬ್ಬನಿಗೆ ಮಾರಿದರೆ ವಂಚನೆ. ಗಡಿ ಎಲ್ಲಿದೆ ಎಂದರೆ ವೇಗದಲ್ಲಿಲ್ಲ, ಯಾರಿಗೆ ಗೊತ್ತಿದೆ ಎಂಬುದರಲ್ಲಿದೆ. ಈ ಅಳತೆಗೋಲನ್ನು ನಿಮ್ಮ ಕಡೆಗೂ ಹಿಡಿದು ನೋಡುವ ಮನಸ್ಸಾಗುತ್ತದೆ.

ನಿಮ್ಮ ಎಂಜಿನಿಯರುಗಳ ಮೇಲೆ ನನಗೆ ದೂರಿಲ್ಲ. ಅವರಲ್ಲಿ ನಮ್ಮೂರಿನವರೂ ಇದ್ದಾರೆ. 2008ರಲ್ಲಿ ಬಂದ ಆರು ಕೋರ್‌ಗಳ ಜಿಯಾನ್ 7400 ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲೇ. ಕ್ಯೂ6600ರಂಥ ಚಿಪ್‌ಗೆ 3.0 ಸಾಧ್ಯವಿದ್ದರೂ 2.4 ಎಂದು ಬರೆಯುವುದರಲ್ಲಿ ಅವರದೊಂದು ನ್ಯಾಯವಾದ ಪಾಲಿದೆ. ಆ ಪ್ರೊಸೆಸರ್ ಏಪ್ರಿಲ್ ತಿಂಗಳಿನ ರಾಯಚೂರಿನಲ್ಲಿ, ನಲವತ್ತು ಡಿಗ್ರಿ ದಾಟಿದ ಕೋಣೆಯಲ್ಲಿ, ಧೂಳು ಹಿಡಿದ ಫ್ಯಾನಿನ ಕೆಳಗೆ, ಏರಿಳಿಯುವ ಕರೆಂಟಿನಲ್ಲಿ, ವರ್ಷಗಟ್ಟಲೆ ತಪ್ಪಿಲ್ಲದೆ ಲೆಕ್ಕ ಮಾಡಬೇಕು. ಅದಕ್ಕೆಂದು ಅವರು ಒಂದಿಷ್ಟು ಅಂಚು ಬಿಟ್ಟಿರುತ್ತಾರೆ. ಬೆಂಗಳೂರಿನ ತಂಪಿನಲ್ಲಿ ಕೂತು ದೊಡ್ಡ ಕೂಲರ್ ಕಟ್ಟಿಕೊಂಡ ನನ್ನಂಥವನು ಕಬಳಿಸುವುದು ರಾಯಚೂರಿನವನಿಗಾಗಿ ತೆಗೆದಿಟ್ಟ ಆ ಅಂಚನ್ನೇ. ಆದ್ದರಿಂದ ಎಂಜಿನಿಯರ್ ಬಿಟ್ಟ ಅಂಚಿಗೆ ನಾವು ಋಣಿ. ಅದರ ಮೇಲೆ ಮಾರಾಟ ವಿಭಾಗ ಇನ್ನಷ್ಟು ಕತ್ತರಿಸಿ ಇಟ್ಟುಕೊಂಡದ್ದರ ಬಗ್ಗೆ ಮಾತ್ರ ಈ ಪತ್ರ.

ಆ ವಿಭಾಗದ ಮಹತ್ಸಾಧನೆ ಆದದ್ದು 2011ರ ಜನವರಿಯಲ್ಲಿ. ಆಗ ಬಂದ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರುಗಳಲ್ಲಿ ಇಂಟೆಲ್‌ನವರು ಮೂಲ ಗಡಿಯಾರವನ್ನು 100 ಮೆಗಾಹರ್ಟ್ಸ್‌ಗೆ ಗೊತ್ತುಮಾಡಿ, ಉಳಿದೆಲ್ಲ ಭಾಗಗಳನ್ನೂ ಅದಕ್ಕೇ ಕಟ್ಟಿಹಾಕಿದರು. ಅದನ್ನು ಕೆಲವು ಅಂಕ ಏರಿಸಿದರೂ ಯಂತ್ರ ತತ್ತರಿಸುತ್ತದೆ. ಅಲ್ಲಿಗೆ ಟೇಪು, ಪೆನ್ಸಿಲ್, ಬಯೋಸಿನಲ್ಲಿ ಗಡಿಯಾರ ಏರಿಸುವ ಕಾಲ ಮುಗಿಯಿತು. ಬೀಗ ತೆಗೆಯಬೇಕೆಂದರೆ ಹೆಸರಿನ ಕೊನೆಗೆ ‘ಕೆ’ ಎಂಬ ಅಕ್ಷರ ಇರುವ ಪ್ರೊಸೆಸರ್ ಕೊಳ್ಳಬೇಕು. ಐ5-2500ಕ್ಕೆ 205 ಡಾಲರ್, ಐ5-2500ಕೆಗೆ 216. ಒಂದು ಅಕ್ಷರಕ್ಕೆ 11 ಡಾಲರ್! ಮರುವರ್ಷ ಇನ್ನೊಂದು ಯೋಜನೆ ತಂದರು. 20 ಡಾಲರ್ ಹೆಚ್ಚಿಗೆ ಕಟ್ಟಿದರೆ, ಓವರ್‌ಕ್ಲಾಕ್ ಮಾಡಿ ಸುಟ್ಟರೂ 2500ಕೆಯನ್ನು ಒಂದು ಸಲ ಬದಲಿಸಿ ಕೊಡುತ್ತೇವೆಂದರು. ಕಳ್ಳತನಕ್ಕೆ ಪರವಾನಗಿ, ಪರವಾನಗಿಗೆ ಶುಲ್ಕ, ಶುಲ್ಕಕ್ಕೆ ವಿಮೆ. ಈಗಿನ ಪ್ರೊಸೆಸರುಗಳಂತೂ ಟರ್ಬೊ ಹೆಸರಿನಲ್ಲಿ ತಮ್ಮನ್ನು ತಾವೇ ಅಂಚಿನವರೆಗೂ ಏರಿಸಿಕೊಳ್ಳುತ್ತವೆ; ಕೈ ಹಾಕಿದವನಿಗೆ ಸಿಗುವುದು ಚೂರುಪಾರು. ಹವ್ಯಾಸವನ್ನು ನಿಷೇಧಿಸಿದ್ದರೆ ಅದು ಬೆಳೆಯುತ್ತಿತ್ತು. ನೀವು ಅದನ್ನು ಬೆಲೆಪಟ್ಟಿಗೆ ಸೇರಿಸಿ ಮುಗಿಸಿದಿರಿ. ಈ ಚಾತುರ್ಯಕ್ಕೆ ಮಾತ್ರ ಮನಃಪೂರ್ವಕ ಅಭಿನಂದನೆ ಹೇಳಲಾರೆ, ಕ್ಷಮಿಸಬೇಕು.

ಆದ್ದರಿಂದ ನಮಗೆ ಉಳಿದಿರುವುದು ಹಳೆಯ ಮಾಲು. ಕ್ಯೂ6600ರ ಮೇಲೆ ಈಗಿನ ವಿಂಡೋಸ್ 11 ಶುರುವೂ ಆಗುವುದಿಲ್ಲ, ಅದಕ್ಕೆ ಬೇಕಾದ ಸೂಚನೆಗಳೇ ಈ ಚಿಪ್‌ನಲ್ಲಿಲ್ಲ. ಲಿನಕ್ಸ್ ಓಡುತ್ತದೆ. ಕಳೆದುಕೊಳ್ಳುವುದಕ್ಕೆ ಕೆಲವು ನೂರು ರೂಪಾಯಿ, ಕಲಿಯುವುದಕ್ಕೆ ವೋಲ್ಟೇಜು, ಶಾಖ, ಗಡಿಯಾರ, ತಪ್ಪು ಲೆಕ್ಕ ಎಲ್ಲವೂ ಇವೆ. ಪದವಿ ತರಗತಿಯಲ್ಲಿ ಕಂಪ್ಯೂಟರ್ ಓದಿ ಅದರ ಮುಚ್ಚಳ ತೆಗೆಯದ ಹುಡುಗ ಹುಡುಗಿಯರಿಗೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಎಲ್ಲಿ ಸಿಗುತ್ತದೆ? ಅವರಿಗೊಂದು ಮಾತು: ಬೇಕಾದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಗಡಿಯಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ವೋಲ್ಟೇಜಿಗೆ ಕೊನೆಯಲ್ಲಿ ಕೈ ಹಾಕಿ. ಮಾರುವ ದಿನ ಬಂದರೆ ಎಲ್ಲವನ್ನೂ ಮೊದಲಿನಂತೆ ಇಳಿಸಿ, ಏನೇನು ಮಾಡಿದ್ದಿರೆಂದು ಕೊಳ್ಳುವವನಿಗೆ ಹೇಳಿ ಮಾರಿ.

ಮಾನ್ಯರೇ, ಕೊನೆಯದಾಗಿ ಒಂದು ವಿನಂತಿ. ಯಾವುದೇ ಪ್ರೊಸೆಸರಿನ ತಯಾರಿಕೆ ನಿಂತು, ಅದರ ವಾರಂಟಿ ಮುಗಿದು, ನೀವು ಅದರ ಹೆಸರನ್ನೇ ಮರೆತ ದಿನ, ಅದರ ಬೀಗದ ಕೈಯನ್ನೂ ಬಿಟ್ಟುಕೊಡಿ. ಅದರಿಂದ ನಿಮ್ಮ ವ್ಯಾಪಾರಕ್ಕೆ ನಷ್ಟವಿಲ್ಲ, ನಮ್ಮ ಮಕ್ಕಳ ಕಲಿಕೆಗೆ ಲಾಭವಿದೆ. ಒಮ್ಮೆ ಹಾಕಿದ ಬೀಗ ಆಮೇಲೆ ತೆಗೆಯಲು ಬರುವುದಿಲ್ಲ ಎಂದು ಮಾತ್ರ ದಯವಿಟ್ಟು ಹೇಳಬೇಡಿ. 2010ರಲ್ಲಿ ಇಂಟೆಲ್‌ನವರು ಪೆಂಟಿಯಮ್ ಜಿ6951ನ್ನು ಮಾರಿ, ಅದರೊಳಗೇ ಮುಚ್ಚಿಟ್ಟಿದ್ದ ಕ್ಯಾಶೆಯನ್ನೂ, ಒಂದು ಕೋರ್ ಎರಡರಂತೆ ದುಡಿಯುವ ಹೈಪರ್‌ಥ್ರೆಡಿಂಗನ್ನೂ ತೆರೆಯಲು ಬೇರೆಯಾಗಿ ಒಂದು ಕಾರ್ಡು ಮಾರಿದ್ದರು. ಮರುವರ್ಷ ಕೆಲವು ಮಾದರಿಗಳ ಗಡಿಯಾರವನ್ನೂ ಹಾಗೆಯೇ ಏರಿಸಿಕೊಟ್ಟರು. ಕಾರ್ಡನ್ನು ಗೀಚಿ, ಅದರ ಸಂಖ್ಯೆಯನ್ನು ತಂತ್ರಾಂಶಕ್ಕೆ ಕೊಟ್ಟರೆ ಬೀಗ ತೆರೆಯುತ್ತಿತ್ತು. ಬೆಲೆ 50 ಡಾಲರ್.

ಇಂತಿ ತಮ್ಮ ವಿಶ್ವಾಸಿ,
ವಾರಂಟಿ ಮುಗಿದ ಗಿರಾಕಿ